ಕೆಳಸಾಲಿನ ಬಲ್ಬು

ನಮ್ಮಮ್ಮನಷ್ಟು ಪುಕ್ಕಲು ಹೆಂಗಸು ಊರಿನ ಹದಿನೆಂಟು ಓಣಿಗಳಲ್ಲಿ ಹುಡುಕಿದರೂ ಸಿಗುತ್ತಿರಲಿಲ್ಲ. ಇಲಿ ಕಂಡರೆ ಮಂಚ ಹತ್ತುತ್ತಿದ್ದಳು. ಊರಿನ ಕೆಲಸಗಳನ್ನೆಲ್ಲ ನೋಡಿಕೊಳ್ಳುವ ಮೇಸ್ತ್ರಿ ಕೆಮ್ಮಿದರೆ ಕೈಯಲ್ಲಿದ್ದ ಒರೆಸುವ ಬಟ್ಟೆ ಕೆಳಗೆ ಬೀಳುತ್ತಿತ್ತು. ಬಾಗಿಲಿಗೆ ಚಿಲಕ ಹಾಕಿ, ಎರಡು ಹೆಜ್ಜೆ ನಡೆದು, ವಾಪಸು ಬಂದು ಮತ್ತೆ ಎಳೆದು ನೋಡುತ್ತಿದ್ದಳು. "ನಿಮ್ಮಮ್ಮ ತನ್ನ ನೆರಳಿಗೇ ದಾರಿ ಬಿಟ್ಟು ಪಕ್ಕಕ್ಕೆ ನಿಲ್ತಾಳೆ," ಎಂದು ಅಪ್ಪ ಬದುಕಿದ್ದಾಗ ಗೇಲಿ ಮಾಡುತ್ತಿದ್ದ. ನಾನೂ ಕಡಿಮೆ ಗೇಲಿ ಮಾಡಿದವಳಲ್ಲ. ಈಗ ಅದನ್ನೆಲ್ಲ ನೆನೆದರೆ ನನ್ನ ನಾಲಿಗೆಗೇ ಬರೆ ಹಾಕಿಕೊಳ್ಳಬೇಕು ಅನಿಸುತ್ತದೆ.

ಅವಳ ಕೆಲಸ ದೀಪದ ಕೋಣೆಯಲ್ಲಿ. ಊರವರ ಬಾಯಲ್ಲಿ ಅವಳ ಹೆಸರು ಬಲ್ಬಮ್ಮ. ಅವಳಿಗಿಂತ ಮೊದಲು ಅವಳಮ್ಮ ಅದೇ ಕೆಲಸ ಮಾಡಿದ್ದಳು, ಅವಳಿಗಿಂತ ಮೊದಲು ಅವಳಜ್ಜಿ.

ನಮ್ಮ ಊರಿಗೆ ಆಕಾಶವಿಲ್ಲ, ಚಾವಣಿ ಇದೆ. ಚಾವಣಿಯ ಆಚೆ ಗಾಳಿಯೇ ಇಲ್ಲವಂತೆ. ನೋಡಿಕೊಂಡು ಬಂದು ಹೇಳಿದವರು ಯಾರೂ ಇಲ್ಲ. ಇದನ್ನೆಲ್ಲ ಕಟ್ಟಿದವರು ಮುಂಚಿನವರು. ನಾವು ಪಕ್ಕದ ಮನೆಗೆ ಸೌಟು ಕೇಳಲು ಹೋದ ಹಾಗೆ ಅವರು ಒಂದು ನಕ್ಷತ್ರದಿಂದ ಇನ್ನೊಂದಕ್ಕೆ ಹೋಗಿ ಬರುತ್ತಿದ್ದರಂತೆ. ಆಮೇಲೆ ಏನಾಯಿತೋ, ಜಗಳವೋ ರೋಗವೋ, ಹೋಗುವುದೂ ನಿಂತಿತು, ಬರುವುದೂ ನಿಂತಿತು. ಇಲ್ಲಿ ಉಳಿದವರ ಮರಿಮಕ್ಕಳ ಮರಿಮಕ್ಕಳು ನಾವು. ಮುಂಚಿನವರು ತಮ್ಮ ತಿಳಿವಳಿಕೆಯನ್ನೆಲ್ಲ ತುಂಬಿಟ್ಟಿದ್ದರು ಎನ್ನುವ ಹೊಳೆಯುವ ತಟ್ಟೆಗಳು ಮನೆಮನೆಯಲ್ಲೂ ಇವೆ. ನಾವು ಅವುಗಳನ್ನು ಪಾತ್ರೆಗೆ ಮುಚ್ಚಳ ಮಾಡಿಕೊಂಡಿದ್ದೇವೆ. ಅಪ್ಪ ನೆಟ್ಟ ಆಲದ ಮರಕ್ಕೆ ಜೋತುಬೀಳುವುದು ಎನ್ನುತ್ತಾರಲ್ಲ, ಆ ಮರ ಹೇಗಿರುತ್ತದೋ ನಮ್ಮಲ್ಲಿ ಒಬ್ಬರೂ ಕಂಡವರಿಲ್ಲ. ಗಾದೆ ಮಾತ್ರ ಉಳಿದಿದೆ.

ಉಳಿದ ಇನ್ನೊಂದು ವಸ್ತು ಗಾಳಿಯ ಯಂತ್ರ. ಗೋಡೆಗಳ ಹಿಂದೆ ಎಲ್ಲೋ ಕೂತು ಗೊರಗೊರ ಎನ್ನುತ್ತಾ ಅದು ಓಣಿಓಣಿಗೂ ಗಾಳಿ ಊದುತ್ತದೆ. ಅದನ್ನು ಬಿಚ್ಚಿ ನೋಡುವುದು ಯಾರಿಗೂ ಗೊತ್ತಿಲ್ಲ. ನಮಗೆ ಕಾಣುವುದು ಅದರ ದೀಪದ ಗೋಡೆ ಮಾತ್ರ. ಊರ ನಡುವಿನ ಚೌಕದಲ್ಲಿ, ಗಾಜಿನ ಹಿಂದೆ, ಎರಡು ಸಾಲು ದೀಪ. ಮೇಲಿನ ಸಾಲಿನಲ್ಲಿ ಓಣಿಗೊಂದರಂತೆ ಹದಿನೆಂಟು ಬಿಳಿ ದೀಪ, ಹಗಲೂ ರಾತ್ರಿ ಉರಿಯುತ್ತವೆ. ಕೆಲಸಕ್ಕೆ ಹೋಗುವವರೆಲ್ಲ ತಮ್ಮ ಓಣಿಯ ದೀಪ ನೋಡಿಕೊಂಡೇ ಮುಂದೆ ಹೋಗುತ್ತಿದ್ದರು. ಉರಿದರೆ ಸರಿ, ಆರಿದರೆ ಕೇಡು. ನಮ್ಮಲ್ಲಿ ಯಾರೂ ದೀಪ ಆರಿಸು ಎಂದು ಬಾಯಿಬಿಟ್ಟು ಹೇಳುವುದಿಲ್ಲ, ಶಾಂತ ಮಾಡು ಎನ್ನುತ್ತೇವೆ.

ಕೆಳಗಿನ ಸಾಲಿನಲ್ಲೂ ಹದಿನೆಂಟು ಕೆಂಪು ಗಾಜುಗಳಿದ್ದವು, ಆದರೆ ಗಾಜಿನ ಹಿಂದೆ ಬಲ್ಬು ಇರಲಿಲ್ಲ. ಮೊದಲು ಇದ್ದವು. ಬಲ್ಬು ಮಾಡುವ ವಿದ್ಯೆ ಮುಂಚಿನವರ ಜೊತೆಗೇ ಹೋಯಿತು. ಹಾಗಾಗಿ ಮೇಲಿನ ಸಾಲಿನಲ್ಲಿ ಒಂದು ಸುಟ್ಟುಹೋದರೆ ಕೆಳಗಿನ ಸಾಲಿನಿಂದ ಒಂದನ್ನು ಬಿಚ್ಚಿ ಮೇಲೆ ಹಾಕುವುದು. ಅದನ್ನು ಶುರು ಮಾಡಿದವಳು ನನ್ನ ಮುತ್ತಜ್ಜಿಯೇ ಇರಬೇಕು. "ಕೆಳಗಿನವು ಯಾವತ್ತೂ ಉರಿಯಲ್ಲ, ದಂಡಕ್ಕೆ ಕೂತಿವೆ. ಅವು ಮೇಲಿನವಕ್ಕೆ ಉಗ್ರಾಣ," ಎಂದು ಮಗಳಿಗೆ ಕಲಿಸಿದಳು, ಮಗಳು ನಮ್ಮಮ್ಮನಿಗೆ ಕಲಿಸಿದಳು. ಹೀಗೆ ಬಿಚ್ಚಿ ಬಿಚ್ಚಿ ನಮ್ಮಮ್ಮನ ಕಾಲಕ್ಕೆ ಉಳಿದದ್ದು ಒಂದೇ ಒಂದು ಬಲ್ಬು. ಅದನ್ನು ಹತ್ತಿಯಲ್ಲಿ ಸುತ್ತಿ, ತಗಡಿನ ಡಬ್ಬಿಯಲ್ಲಿಟ್ಟು, ದಿನಕ್ಕೆ ನಾಲ್ಕು ಸಲ ಮುಚ್ಚಳ ತೆಗೆದು ನೋಡುತ್ತಿದ್ದಳು. ಹೊಟ್ಟೆಯಲ್ಲಿ ಹುಟ್ಟಿದ ನನ್ನನ್ನೂ ಹಾಗೆ ನೋಡಿಕೊಂಡಿರಲಿಲ್ಲ ಎಂದು ನಾನು ಚುಚ್ಚುತ್ತಿದ್ದೆ.

ನಾನು ಮದುವೆಯಾಗಿ ಹೋದದ್ದು ಎಂಟನೇ ಓಣಿಗೆ. ಗಂಡ ಚಪ್ಪಲಿ ಹೊಲಿಯುತ್ತಾನೆ, ಅತ್ತೆ ಕೌದಿ ಹೊಲಿಯುತ್ತಾಳೆ. ಆಗ ಪಾಪುವಿಗೆ ಏಳು ತಿಂಗಳು.

ಒಂದು ಬೆಳಿಗ್ಗೆ ಅಮ್ಮ ಗೋಡೆ ಒರೆಸುತ್ತಿದ್ದಳು. ಡಬ್ಬಿಯ ತಳ ತುಕ್ಕು ಹಿಡಿದಿತ್ತು, ಅದನ್ನೂ ಉಜ್ಜಿಬಿಡೋಣ ಎಂದು ಬಲ್ಬನ್ನು ಹೊರಗೆ ತೆಗೆದಳು. ನೆಲದ ಮೇಲಿಟ್ಟರೆ ಉರುಳುತ್ತದೆ ಎಂಬ ಭಯ, ಬಾಯಲ್ಲಿ ಕಚ್ಚಿಕೊಂಡರೆ ಒಡೆಯುತ್ತದೆ ಎಂಬ ಭಯ. ಎದುರಿಗೆ ಎಂಟನೆಯ ಕೆಂಪು ಗಾಜು ಇತ್ತು. ಅದರ ಖಾಲಿ ಹೋಲ್ಡರಿಗೆ ಬಲ್ಬನ್ನು ತಿರುಗಿಸಿದರೆ ಭದ್ರವಾಗಿ ಕೂತಿರುತ್ತದಲ್ಲ ಎಂದು ತಿರುಗಿಸಿದಳು.

ಅದು ಹತ್ತಿಕೊಂಡಿತು.

ಬೇರೆ ಯಾರಾದರೂ ಆಗಿದ್ದರೆ ಖುಷಿಯಿಂದ ಕೂಗುತ್ತಿದ್ದರು. ಅಮ್ಮ ಕೈ ಸುಟ್ಟವಳ ಹಾಗೆ ಹಿಂದಕ್ಕೆ ಸರಿದು, ಮೊದಲು ಬಾಗಿಲ ಕಡೆ ನೋಡಿದಳಂತೆ, ತಾನೇನೋ ಕೆಡಿಸಿಬಿಟ್ಟೆ, ಮೇಸ್ತ್ರಿ ಬಂದರೆ ಏನು ಗತಿ ಎಂದು. ಆಮೇಲೆ ಬಲ್ಬು ಬಿಚ್ಚಿ ಏಳನೆಯದಕ್ಕೆ ಹಾಕಿದಳು. ಹತ್ತಲಿಲ್ಲ. ಒಂಬತ್ತನೆಯದಕ್ಕೆ ಹಾಕಿದಳು. ಹತ್ತಲಿಲ್ಲ. ಹೀಗೆ ಹದಿನೆಂಟಕ್ಕೂ ಹಾಕಿ ನೋಡಿದಳು. ಎರಡು ಕಡೆ ಮಾತ್ರ ಕೆಂಪಾಯಿತು. ಒಂದು ಎಂಟು. ಇನ್ನೊಂದು ಮೂರು.

ಮೂರನೇ ಓಣಿಯಲ್ಲಿ ಯಾರೂ ಇಲ್ಲ. ನಲವತ್ತು ವರ್ಷದ ಹಿಂದೆ ಆ ಓಣಿಯ ನೂರೆಂಬತ್ತು ಜನ ಮಲಗಿದವರು ಏಳಲಿಲ್ಲ. ಜ್ವರ ಎಂದರು, ಓಣಿಯ ಕಬ್ಬಿಣದ ಬಾಗಿಲು ಮುಚ್ಚಿದರು, ಅದನ್ನು ಮತ್ತೆ ತೆಗೆದಿಲ್ಲ. ಆದರೆ ಮೇಲಿನ ಸಾಲಿನಲ್ಲಿ ಮೂರನೇ ಬಿಳಿ ದೀಪ ಇವತ್ತಿಗೂ ಉರಿಯುತ್ತದೆ. ಅಮ್ಮ ಅಲ್ಲೇ ನೆಲದ ಮೇಲೆ ಕುಸಿದು ಕೂತಳಂತೆ. ಮೂರು ತಲೆಮಾರು ಸೇರಿ ತಾವು ಬಿಚ್ಚಿದ್ದು ಏನನ್ನು ಎಂದು ಅವಳಿಗೆ ಹೊಳೆದದ್ದು ಆಗ.

ಮೇಸ್ತ್ರಿಯ ಹತ್ತಿರ ಹೋಗಿ ಹೇಳಿದಳು. ಅದೇ ಅವಳ ಜನ್ಮದಲ್ಲಿ ದೊಡ್ಡ ಸಾಹಸ ಎಂದು ಅಂದುಕೊಂಡಿದ್ದೆ ನಾನು, ಆಮೇಲಿನದು ಗೊತ್ತಾಗುವವರೆಗೆ.

ಮೇಸ್ತ್ರಿ ಬಂದು ಕೆಂಪು ದೀಪ ನೋಡಿದ. ಮುಖ ಊರಗಲ ಆಯಿತು. "ಅಯ್ಯೋ ಬಲ್ಬಮ್ಮ! ಇದಕ್ಕೆ ಯಾಕೆ ಅಳ್ತೀಯ? ಸತ್ತಿದ್ದ ದೀಪ ಜೀವ ಬಂದು ಉರೀತಿದೆ. ನಿನ್ನ ಮಗಳ ಓಣೀದೇ ಅಲ್ವಾ? ಪುಣ್ಯವಂತೆ ನೀನು."

"ಮೂರನೇದೂ ಹತ್ತುತ್ತೆ ಮೇಸ್ತ್ರಿಗಳೇ. ಅಲ್ಲಿ ಯಾರು ಬದುಕಿದ್ದಾರೆ? ಮೇಲಿನ ಬಿಳಿ ದೀಪಾನೂ ಉರೀತಾನೇ ಇದೆ. ಅಂದ್ರೆ ಬಿಳಿ ದೀಪಕ್ಕೂ ಜನ ಬದುಕೋದಕ್ಕೂ ಸಂಬಂಧ ಇಲ್ಲ ಅಂತಾಯ್ತಲ್ಲ..."

"ಸತ್ತೋರ ಶಾಂತಿಗೆ ಉರೀತಿದೆ ಅಂದ್ಕೋ. ಬಲ್ಬು ಎಂಟನೇದರಲ್ಲೇ ಇರ್ಲಿ. ಸತ್ತೋರಿಗೆ ಯಾಕೆ ದಂಡ ಮಾಡ್ತೀಯ?"

ಸುದ್ದಿ ಹರಡಲು ಎಷ್ಟು ಹೊತ್ತು? ಎಂಟನೇ ಓಣಿ ಇಡಿಯಾಗಿ ಚೌಕಕ್ಕೆ ಬಂತು. ನಾನೂ ಒಳ್ಳೇ ಸೀರೆ ಉಟ್ಟುಕೊಂಡು ಪಾಪುವನ್ನು ಎತ್ತಿಕೊಂಡು ಬಂದೆ. ಬೇರೆ ಓಣಿಯವರು ಹೊಟ್ಟೆಕಿಚ್ಚಿನಿಂದ ನೋಡುತ್ತಿದ್ದರು, ನಮಗೆ ಅದೂ ಒಂದು ಸಂಭ್ರಮ. ನಾನು ಗಾಜಿನ ಹತ್ತಿರ ಪಾಪುವನ್ನು ಎತ್ತಿ ಹಿಡಿದು, "ನೋಡು ಕಂದಾ, ನಮ್ಮ ದೀಪ!" ಎಂದೆ. ಗಾಜಿನ ಆಚೆಯಿಂದ ಅಮ್ಮ ನನ್ನನ್ನೇ ನೋಡುತ್ತಿದ್ದಳು. ಅವಳ ಮುಖದಲ್ಲಿ ರಕ್ತವೇ ಇರಲಿಲ್ಲ.

ಅವತ್ತು ಸಂಜೆಯೇ ನಮ್ಮ ಮನೆಗೆ ಬಂದಳು. "ಒಂದು ವಾರ ನನ್ನ ಜೊತೆ ಬಂದಿರೇ. ಮಂಡಿ ನೋವು, ಎದ್ದು ಓಡಾಡೋಕೆ ಆಗ್ತಿಲ್ಲ."

"ಅಷ್ಟು ದೂರ ನಡ್ಕೊಂಡು ಬಂದಿದ್ದೀಯಲ್ಲ, ಯಾರ ಮಂಡಿ ಅದು?" ಎಂದೆ ನಾನು.

ಅತ್ತೆ ಸೂಜಿ ಬಿಟ್ಟು ಎದ್ದು ಬಂದಳು. "ಬೀಗಿತಿ, ಏನು ಮಾತು ಅಂತ ಆಡ್ತೀರಿ? ದೀಪ ಬಂದಿರೋ ಓಣಿ ಬಿಟ್ಟು ಸೊಸೆ ತೌರಿಗೆ ಹೋಗೋದಾ? ಜನ ಏನಂದಾರು?"

ಆಗ ಅಮ್ಮ ನಿಜ ಹೇಳಿದಳು. ಕೆಂಪು ಹತ್ತಿದರೆ ಆ ಓಣಿಗೆ ಗಾಳಿ ಸಾಲುತ್ತಿಲ್ಲ ಎಂದರ್ಥ, ಮೂರನೇ ಓಣಿಯವರು ಸತ್ತದ್ದೂ ಹಾಗೇ ಎಂದು ತೊದಲುತ್ತಾ, ಹಿಂದುಮುಂದು ಮಾಡಿ ಹೇಳಿದಳು. ನಾವು ಮೂವರೂ ನಕ್ಕೆವು. ಹೌದು, ನಾನೂ ನಕ್ಕೆ. ಇಲಿಗೆ ಹೆದರುವವಳು ದೀಪಕ್ಕೆ ಹೆದರುವುದರಲ್ಲಿ ಏನು ಹೆಚ್ಚು ಎಂದುಕೊಂಡೆ.

ಎರಡನೇ ದಿನ ನಮ್ಮ ಓಣಿಯಲ್ಲಿ ಎಲ್ಲರೂ ಒಂದೇ ಮಾತು ಆಡುತ್ತಿದ್ದರು: ದೀಪ ಬಂದಾಗಿನಿಂದ ಎಂಥಾ ಒಳ್ಳೇ ನಿದ್ದೆ! ವರ್ಷಗಟ್ಟಲೆ ನಿದ್ದೆಗೆಟ್ಟಿದ್ದ ಎದುರುಮನೆ ಅಜ್ಜ ಮಧ್ಯಾಹ್ನದವರೆಗೆ ಗೊರಕೆ ಹೊಡೆದ. ಗಂಡ ಚಪ್ಪಲಿಗೆ ದಾರ ಹಾಕುತ್ತಲೇ ತೂಕಡಿಸಿದ. ಪಾಪು ಅಳುವುದನ್ನೇ ನಿಲ್ಲಿಸಿತು. ಎಷ್ಟು ಜಾಣ ಮಗು ಎಂದು ಅತ್ತೆ ದೃಷ್ಟಿ ತೆಗೆದಳು. ನನಗೆ ತಲೆ ಭಾರ, ಆದರೆ ಅದು ಕೂಡ ಹಿತವಾಗಿಯೇ ಇತ್ತು.

ಮೂರನೇ ದಿನ ಅಮ್ಮ ಮತ್ತೆ ಬಂದಳು. ಪಾಪುವಿನ ಕೆನ್ನೆ ತಟ್ಟಿದಳು, ಅಂಗಾಲು ಚಿವುಟಿದಳು. ಮಗು ಅರೆಗಣ್ಣು ತೆರೆದು ಮತ್ತೆ ಮುಚ್ಚಿತು. ಅಮ್ಮ ಮಗುವನ್ನು ನನ್ನ ಮಡಿಲಿಗೆ ಹಾಕಿ, ಸೆರಗಿನಿಂದ ಬಾಯಿ ಒತ್ತಿಕೊಂಡು ಹೊರಟುಹೋದಳು.

ನಾಲ್ಕನೇ ದಿನ ಬೆಳಿಗ್ಗೆ, ಜನ ಕೆಲಸಕ್ಕೆ ಹೋಗುವ ಹೊತ್ತಿಗೆ, ಚೌಕದಲ್ಲಿ ಒಬ್ಬರು ಚೀರಿದರು. ಎಂಟನೇ ಓಣಿಯ ಬಿಳಿ ದೀಪ ಆರಿಹೋಗಿತ್ತು.

ಎಂಥಾ ಗಲಾಟೆ ಅದು! ಕೆಂಪು ದೀಪ ಹತ್ತಿದಾಗ ನಕ್ಕವರು ಬಿಳಿ ದೀಪ ಆರಿದಾಗ ಹಾಸಿಗೆ ಸಮೇತ ಓಡಿದರು. "ಏಳ್ರೋ, ಏಳ್ರೋ, ದೀಪ ಶಾಂತ ಆಯ್ತು!" ಎಂದು ಯಾರೋ ತಟ್ಟೆ ಬಡಿಯುತ್ತಾ ಓಣಿಯುದ್ದಕ್ಕೂ ಓಡಿದರು. ಏಳದವರನ್ನು ಹೊತ್ತುಕೊಂಡು ಬಂದರು. ಎದುರುಮನೆ ಅಜ್ಜನನ್ನು ಕೌದಿಯಲ್ಲಿ ಹಾಕಿ ಎಳೆದರು. ಇನ್ನೂರ ಹನ್ನೆರಡು ಜನ ಹೊರಗೆ ಬಂದೆವು, ಒಬ್ಬರೂ ಒಳಗೆ ಉಳಿಯಲಿಲ್ಲ. ಓಣಿಯ ಕಬ್ಬಿಣದ ಬಾಗಿಲು ಎಳೆದರು. ನಮ್ಮನ್ನೆಲ್ಲ ಶಾಲೆಯ ಕೋಣೆಗಳಲ್ಲಿ ಇಳಿಸಿದರು. ಮಧ್ಯಾಹ್ನದ ಹೊತ್ತಿಗೆ ನನ್ನ ತಲೆನೋವು ಇಳಿಯಿತು. ಸಂಜೆ ಪಾಪು ಕಣ್ಣು ಬಿಟ್ಟು, ಶಾಲೆ ಹಾರಿಹೋಗುವ ಹಾಗೆ ಅತ್ತಿತು. ಆ ಅಳು ಕೇಳಿ ನನ್ನ ಮೈ ತಣ್ಣಗಾಯಿತು, ಏಕೆಂದರೆ ಎರಡು ದಿನದಿಂದ ಅದನ್ನು ಕೇಳಿಯೇ ಇಲ್ಲ ಎಂಬುದು ನನಗೆ ಆಗ ತಾನೇ ಅರ್ಥವಾಗಿತ್ತು.

ಮರುದಿನ ಮೇಸ್ತ್ರಿ ಅಮ್ಮನ ಡಬ್ಬಿ ತೆಗೆದು ನೋಡಿದ. ಎಂಟನೆಯ ಬಿಳಿ ಬಲ್ಬು ಹತ್ತಿಯಲ್ಲಿ ಬೆಚ್ಚಗೆ ಕೂತಿತ್ತು.

ನಮ್ಮ ಊರಿನಲ್ಲಿ ಕೊಲೆ ಮಾಡಿದವರನ್ನು ಕ್ಷಮಿಸಬಹುದು, ದೀಪ ಆರಿಸಿದವರನ್ನಲ್ಲ. ಜನ ಉಗಿದರು. "ನಾಟಕ ಆಡಿ ಇನ್ನೂರು ಜನರನ್ನ ಬೀದಿಗೆ ತಂದ್ಯಲ್ಲೇ!" ಎಂದು ಅತ್ತೆ ಎಲ್ಲರಿಗಿಂತ ಗಟ್ಟಿಯಾಗಿ ಕೂಗಿದಳು. ಮೇಸ್ತ್ರಿ ಬಲ್ಬನ್ನು ಮೇಲಕ್ಕೆ ಹಾಕಿದ, ದೀಪ ಹತ್ತಿತು, ಜನ ಕೈಮುಗಿದರು. ನಾಳೆ ಬೆಳಿಗ್ಗೆ ಎಲ್ಲರೂ ಮನೆಗೆ, ಬಲ್ಬಮ್ಮ ಕೆಲಸದಿಂದ ಹೊರಗೆ ಎಂದು ತೀರ್ಮಾನವಾಯಿತು. ನಾನು ಅಮ್ಮನ ಪರ ಮಾತಾಡಿದೆ. ಮಗು ಅತ್ತದ್ದನ್ನು ಹೇಳಿದೆ. ಮಗು ಅಳುವುದು ಏನು ದೊಡ್ಡ ಸುದ್ದಿ ಎಂದರು.

ಬೆಳಿಗ್ಗೆ ಎಲ್ಲರೂ ಗಂಟುಮೂಟೆ ಹೊತ್ತು ಓಣಿಯ ಬಾಗಿಲ ಮುಂದೆ ನಿಂತಿದ್ದರು. ಅತ್ತೆ ಎಲ್ಲರಿಗಿಂತ ಮುಂದೆ. ಬಾಗಿಲಿನ ಅಡ್ಡಪಟ್ಟಿ ತೆಗೆಯುವಷ್ಟರಲ್ಲಿ ಅಮ್ಮ ಜನರ ನಡುವೆ ನುಗ್ಗಿ ಬಂದಳು. ನೀರಿನ ತೊಟ್ಟಿ ತೊಳೆಯುವವರ ಉದ್ದನೆಯ ಹಗ್ಗ ಸೊಂಟಕ್ಕೆ ಕಟ್ಟಿಕೊಂಡಿದ್ದಳು. ಗಂಟು ಬಿಗಿದಿದೆಯೋ ಎಂದು ಮತ್ತೆ ಮತ್ತೆ ಎಳೆದು ನೋಡುತ್ತಿದ್ದಳು.

"ಎರಡು ದಿನದಿಂದ ಬಾಗಿಲು ಮುಚ್ಚಿದೆ, ಒಳಗಿನ ಗಾಳಿ ಇನ್ನೂ ಕೆಟ್ಟಿರುತ್ತೆ. ಮೊದಲು ನಾನೊಬ್ಬಳೇ ಹೋಗಿ ಬರ್ತೀನಿ," ಎಂದಳು. "ಒಂದೊಂದು ಮನೆ ಬಾಗಿಲು ದಾಟಿದಾಗಲೂ ಹಗ್ಗ ಜಗ್ಗುತ್ತೀನಿ. ಕೊನೇ ಮನೆ ಮುಟ್ಟಿ ವಾಪಸ್ ಬಂದ್ರೆ ನೀವೆಲ್ಲ ಹೋಗಿ. ನನ್ನ ತಲೆ ಬೋಳಿಸಿ ಊರ ಸುತ್ತ ಮೆರವಣಿಗೆ ಮಾಡಿ. ಜಗ್ಗೋದು ನಿಂತ್ರೆ ಎಳೀರಿ."

"ಬೇಡಮ್ಮ," ಎಂದೆ ನಾನು. "ನಿಂಗೆ ಭಯ ಆಗ್ತಿದೆ."

"ಆಗ್ದೇ ಇರುತ್ತಾ? ಹಗ್ಗ ನೀನೇ ಹಿಡ್ಕೋ. ಬೇರೆ ಯಾರಿಗೂ ಕೊಡ್ಬೇಡ."

ಬಾಗಿಲು ಒಬ್ಬರು ತೂರುವಷ್ಟು ಮಾತ್ರ ತೆರೆಯಿತು. ಅಮ್ಮ ಒಳಗೆ ಹೋದಳು. ಓಣಿ ಎರಡನೇ ಮನೆಯ ಹತ್ತಿರ ತಿರುಗುತ್ತದೆ, ಅಲ್ಲಿಂದಾಚೆ ಕಾಣುವುದಿಲ್ಲ. ಹಗ್ಗ ನನ್ನ ಅಂಗೈಯಲ್ಲಿ ಸರಿಯುತ್ತಿತ್ತು. ಒಂದು ಜಗ್ಗು. ಎರಡು. ಮೂರು. ಹಿಂದಿನಿಂದ ಯಾರೋ ನಕ್ಕರು. ನಾಲ್ಕು. ಐದು ಬರುವುದು ತಡವಾಯಿತು, ಬಂತು. ಆರು ತೀರಾ ಮೆಲ್ಲಗೆ ಬಂತು, ಅದು ಅವಳು ಜಗ್ಗಿದ್ದೋ ನನ್ನ ಕೈ ನಡುಗಿದ್ದೋ ತಿಳಿಯಲಿಲ್ಲ. ಆಮೇಲೆ ಹಗ್ಗ ಸರಿಯುವುದು ನಿಂತಿತು. ನಾನು ಕಾದೆ. ಎಷ್ಟು ಕಾದೆ ಎಂದು ನನ್ನನ್ನು ಕೇಳಬೇಡಿ. ಏಳನೆಯದು ಬರಲಿ, ಬರಲಿ ಎಂದು ನಿಂತೇ ಇದ್ದೆ. ಆ ಕಾದ ಹೊತ್ತಿಗಾಗಿ ನನ್ನನ್ನು ನಾನು ಇಲ್ಲಿಯವರೆಗೂ ಕ್ಷಮಿಸಿಲ್ಲ.

"ಎಳಿಯೇ!" ಎಂದು ಗಂಡ ಕೂಗಿ ಹಗ್ಗಕ್ಕೆ ಕೈಹಾಕಿದ. ಮೇಸ್ತ್ರಿಯೂ ಹಾಕಿದ. ಮೂವರೂ ಎಳೆದೆವು. ಅಮ್ಮ ಮುಖ ಅಡಿಯಾಗಿ, ಮೊಣಕೈ ತರಚಿಕೊಂಡು, ಮೂಟೆಯ ಹಾಗೆ ಹೊರಗೆ ಬಂದಳು. ತುಟಿ ನೀಲಿಯಾಗಿತ್ತು. ಬೆನ್ನು ತಟ್ಟಿದೆವು, ಎದೆ ಒತ್ತಿದೆವು. ಬಹಳ ಹೊತ್ತಿನ ಮೇಲೆ ಒಂದು ಉಸಿರು ಕಿರ್ ಎಂದು ಒಳಗೆ ಹೋಯಿತು.

ಮೇಸ್ತ್ರಿ ತಾನೇ ಎದ್ದು ಬಾಗಿಲು ನೂಕಿ ಅಡ್ಡಪಟ್ಟಿ ಹಾಕಿದ. ಅತ್ತೆ ತನ್ನ ಗಂಟು ಬಿಚ್ಚಿ, ಇದ್ದುದರಲ್ಲಿ ಹೊಸ ಕೌದಿ ತೆಗೆದು ಅಮ್ಮನ ಮೇಲೆ ಹೊದಿಸಿದಳು.

ಆಮೇಲೆ ಅಮ್ಮ ಹನ್ನೊಂದು ದಿನ ಬದುಕಿದಳು. ಉಸಿರು ಸರಿಹೋಗಲೇ ಇಲ್ಲ, ಗೋಡೆಗೆ ಒರಗಿಸಿ ಕೂರಿಸಿದರೆ ಮಾತ್ರ ಒಂದೊಂದು ಮಾತು. ಮೇಸ್ತ್ರಿ ದಿನಾ ಬಂದು ಕಾಲ ಹತ್ತಿರ ಕೂರುತ್ತಿದ್ದ. ಅವಳು ಹೇಳಿದಂತೆ ಮೇಲಿನ ಸಾಲಿನ ಬಲ್ಬುಗಳನ್ನೆಲ್ಲ ಬಿಚ್ಚಿ ಕೆಳಗಿನ ಸಾಲಿಗೆ ಹಾಕಿಸಿದ. ಮೂರು, ಎಂಟು ಬಿಟ್ಟರೆ ಬೇರೆ ಯಾವುದೂ ಹತ್ತಲಿಲ್ಲ. ಊರ ಗೋಡೆ ಮೊದಲ ಸಲ ಕತ್ತಲಾಯಿತು. ಜನ ಚೌಕ ದಾಟುವಾಗ ಮಕ್ಕಳ ಕಣ್ಣು ಮುಚ್ಚುತ್ತಿದ್ದರು. ಕತ್ತಲೆಯನ್ನು ನೋಡಿ ಸಮಾಧಾನಪಡುವುದನ್ನು ಕಲಿಯಲು ನಮಗೆ ಇನ್ನೂ ಆಗಿಲ್ಲ.

ಒಂಬತ್ತನೇ ದಿನವೋ ಹತ್ತನೆಯದೋ, ನಾನು ಹೊಗಳಲು ಹೋದೆ. "ಎಂಥಾ ಧೈರ್ಯ ಮಾಡಿದ್ಯಮ್ಮ. ಇನ್ನೂರು ಜನರನ್ನ ಉಳಿಸಿದೆ."

ಅಮ್ಮ ತಲೆಯಾಡಿಸಿದಳು. "ಇನ್ನೂರು ಜನ ನನ್ನ ತಲೇಲಿ ಇರ್ಲಿಲ್ಲ. ನೀನು, ಪಾಪು, ಅಷ್ಟೇ." ಉಸಿರು ಎಳೆದುಕೊಂಡಳು. "ಅದು ಒಂಬತ್ತನೇ ಓಣಿ ದೀಪ ಆಗಿದ್ದಿದ್ರೆ, ಮೇಸ್ತ್ರಿ ಹೇಳಿದ್ದು ಸರಿ ಅಂದ್ಕೊಂಡು, ಮನೆಗೆ ಬಂದು ಉಂಡು ಮಲಗ್ತಿದ್ದೆ ಕಣೇ. ನನಗೆ ಗೊತ್ತು. ಅದನ್ನ ನೆನೆದ್ರೆ ಆ ಓಣಿಗಿಂತ ಹೆಚ್ಚು ಭಯ ಆಗುತ್ತೆ."

ನಾನು ಅವಳ ಬೆನ್ನು ನೀವುತ್ತಾ ಕೂತೆ.

ಅವಳ ಕೆಲಸ ಈಗ ನನ್ನದು. ಯಂತ್ರ ಯಾಕೆ ಕೆಡುತ್ತಿದೆ, ಹೇಗೆ ರಿಪೇರಿ ಮಾಡುವುದು, ಯಾರಿಗೂ ಗೊತ್ತಿಲ್ಲ. ಹಳೆಯ ತಟ್ಟೆಗಳನ್ನು ಮೇಸ್ತ್ರಿ ಮನೆಮನೆಯಿಂದ ವಾಪಸು ಕೇಳಿ ತಂದು, ತಿರುಗಿಸಿ ತಿರುಗಿಸಿ ನೋಡುತ್ತಾನೆ. ಅವುಗಳಲ್ಲಿ ಅವನ ಮುಖ ಮಾತ್ರ ಕಾಣುತ್ತದೆ. ಉಳಿದ ಹದಿನಾರು ಓಣಿಗಳಲ್ಲಿ ನಾವು ಒತ್ತಿಕೊಂಡು ಬದುಕುತ್ತಿದ್ದೇವೆ. ನಾನು ಪಾಪುವಿನ ಜೊತೆ ಅಮ್ಮನ ಮನೆಯಲ್ಲೇ, ಎರಡನೇ ಓಣಿಯಲ್ಲಿದ್ದೇನೆ.

ಮೊನ್ನೆ ಬೆಳಿಗ್ಗೆ ದೀಪದ ಕೋಣೆಯ ಬಾಗಿಲು ತೆಗೆದಾಗ ಹದಿನಾಲ್ಕನೆಯದು ಕೆಂಪಾಗಿ ಉರಿಯುತ್ತಿತ್ತು.

ಹದಿನಾಲ್ಕನೇ ಓಣಿಯಲ್ಲಿ ನನಗೆ ನೆಂಟರಿಲ್ಲ, ಇಷ್ಟರಿಲ್ಲ. ಆ ಕಡೆ ನಾನು ಕಾಲಿಟ್ಟವಳೇ ಅಲ್ಲ. ಸುಳ್ಳು ಯಾಕೆ ಹೇಳಲಿ, ಒಂದು ಗಳಿಗೆ ನನಗೆ ಹಾಯೆನಿಸಿತು. ಸದ್ಯ, ಎರಡನೆಯದಲ್ಲವಲ್ಲ ಎಂದುಕೊಂಡೆ. ಎಂದುಕೊಂಡ ಕೂಡಲೇ ಮೈಯೆಲ್ಲ ಬೆವರಿತು. ಅಮ್ಮ ಹೇಳಿದ ಭಯ ಯಾವುದು ಎಂದು ಅವತ್ತು ಗೊತ್ತಾಯಿತು. ಚಪ್ಪಲಿಯನ್ನೂ ಮೆಟ್ಟದೆ ಓಡಿದೆ.

ಮೊದಲನೇ ಮನೆಯ ಬಾಗಿಲನ್ನು ಎರಡೂ ಕೈಯಲ್ಲಿ ಬಡಿದೆ. ಬಹಳ ಹೊತ್ತಿನ ಮೇಲೆ ಒಬ್ಬ ಅಜ್ಜಿ ಬಾಗಿಲು ತೆಗೆದು, ಕಣ್ಣು ಕಿರಿದು ಮಾಡಿ ನನ್ನನ್ನು ನೋಡಿದಳು.

"ಯಾರಮ್ಮ ನೀನು? ಯಾರ ಮನೆಯವಳು?"

"ನಿಮ್ಮನೆಯವಳೇ ಅಂದ್ಕೊಳ್ಳಿ ಅಜ್ಜಿ," ಎಂದೆ. "ಮೊದಲು ಹೊರಗೆ ಬನ್ನಿ. ಒಳಗೆ ಇನ್ನೂ ಎಷ್ಟು ಜನ ಮಲಗಿದ್ದಾರೆ ಹೇಳಿ."